ಉಳಿದ ಎರಡು ಮನೆ

“ಕೂಲಿ ಲಕ್ಷ್ಮಣಪ್ಪ ಅಂದ್ರ ಯಾರು ಇಲ್ಲೆ? ಯಾರಪಾ, ಎದ್ದು ನಿಂದ್ರು” ಎಂದು ಗುಮಾಸ್ತ ಸಿರಾಜುದ್ದೀನ ಬಾಲಮಂದಿರದ ಪಡಸಾಲೆಯಲ್ಲಿ ನಿಂತು ಎರಡನೆಯ ಸಲ ಕೂಗಿದಾಗಲೂ ಲಕ್ಷ್ಮಣಪ್ಪ ಏಳಲಿಲ್ಲ. ಕೇಳಿಸಿರಲಿಲ್ಲವೆಂದಲ್ಲ. ಹೆಸರು ತನ್ನದು, ಹೆಸರಿನ ಹಿಂದಿನ ಶಬ್ದವೂ ತಾನೇ ಕೊಟ್ಟದ್ದು. ಆದರೆ ಹದಿನಾಲ್ಕು ವರ್ಷ ದಿನಕ್ಕೆ ಎರಡು ಸಲ ಮಕ್ಕಳ ಹಾಜರಿ ಕೂಗಿದವನಿಗೆ, ತನ್ನ ಹೆಸರನ್ನು ಇನ್ನೊಬ್ಬರು ಕೂಗಿದರೆ ಓಗೊಡುವ ಅಭ್ಯಾಸವೇ ತಪ್ಪಿಹೋಗಿತ್ತು. ಮೂರನೆಯ ಸಲಕ್ಕೆ ಎದ್ದ. ಬೆಂಚಿನ ಮೇಲೆ ಸ್ಥಳವಿದ್ದರೂ ಅವನ ಪಕ್ಕದಲ್ಲಿ ಕೂಡದೆ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದ ಹೆಂಡತಿ ಬಸವಣ್ಣೆವ್ವ ತಲೆಯೆತ್ತಿದಳು. ಈ ಮೊದಲಿನ ಎರಡು ಸಲ ಅವನು ಒಬ್ಬನೇ ಬಂದು ಹೋಗಿದ್ದ. ಇಂದು ತಾಯಿಯೂ ಬರಬೇಕೆಂದು ಹೇಳಿ ಕಳಿಸಿದ್ದರು.

“ನೀವು ಯಾವಾಗ ಕೂಲಿ ಆದ್ರಿ?” ಎಂದಳು.

“ಆಮ್ಯಾಲೆ ಹೇಳ್ತೀನಿ.”

“ಹೂಂ. ಎಲ್ಲಾ ಆಮ್ಯಾಲೇನ ನಿಮ್ಮದು.”

ಸಿರಾಜುದ್ದೀನ ಕೈಯಲ್ಲಿದ್ದ ಕಾಗದದಿಂದ ಮುಖ ಎತ್ತಲಿಲ್ಲ. “ಹನ್ನೊಂದಕ್ಕ ಮಕ್ಕಳ ಮಂಡಳಿ ಕೂಡ್ತದ. ಅಧ್ಯಕ್ಷ ಬಾಯವ್ರು ಇನ್ನೂ ಬಂದಿಲ್ಲ. ಹುಡುಗಿಯ ಸಾಲಿ ದಾಖಲೆ ತಂದಿಯೇನು? ಮುಖ್ಯಾಧ್ಯಾಪಕರ ಸಹಿ, ಸಿಕ್ಕಾ, ಎರಡೂ ಬೇಕಂತ ಮೊನ್ನೆನ ಹೇಳೇನಿ.”

“ತಂದೀನ್ರಿ” ಎಂದ ಲಕ್ಷ್ಮಣಪ್ಪನ ಕೈ ಅಂಗಿಯ ಜೇಬಿನವರೆಗೆ ಹೋಗಿ ಅಲ್ಲಿಯೇ ನಿಂತಿತು. ದಾಖಲೆ ಜೇಬಿನಲ್ಲಿತ್ತು. ಕಸ್ತೂರೆವ್ವ, ಮೂರನೆಯ ಇಯತ್ತೆ, ವಯಸ್ಸು ಎಂಟು ವರ್ಷ ಎರಡು ತಿಂಗಳು. ಕೆಳಗೆ ನೇರಳೆ ಬಣ್ಣದ ಸಿಕ್ಕಾ ಒತ್ತಿತ್ತು. ಸಿಕ್ಕಾದ ಮೇಲೆ ಮುಖ್ಯಾಧ್ಯಾಪಕರ ಸಹಿ. ದುಮ್ಮವಾಡದಿಂದ ಮೂರು ಮೈಲಿ ಆಚೆಗಿನ ಅವರ ಊರಿನ ಶಾಲೆಗೆ ಒಂದೇ ಕೋಣೆ, ನಲವತ್ತೊಂದು ಮಕ್ಕಳು, ಒಬ್ಬನೇ ಮಾಸ್ತರ. ಮುಖ್ಯಾಧ್ಯಾಪಕನೂ ಅವನೇ, ಗಂಟೆ ಬಾರಿಸುವವನೂ ಅವನೇ. ಹುಡುಗಿಯ ತಂದೆಯೂ ಅವನೇ ಎಂಬುದು ಈಗ ದೊಡ್ಡ ತೊಡಕಾಗಿತ್ತು. ಹಾಳೆಯನ್ನು ಕೊಟ್ಟರೆ ಸಹಿಯ ಲಕ್ಷ್ಮಣಪ್ಪ ಮತ್ತು ಕೂಲಿಯ ಲಕ್ಷ್ಮಣಪ್ಪ ಒಂದೇ ಮೇಜಿನ ಮೇಲೆ ಎದುರುಬದುರು ಕೂಡುತ್ತಾರೆ. ಕೊಡದಿದ್ದರೆ ಹುಡುಗಿ ಶಾಲೆಯನ್ನೇ ಕಾಣದ ಅಲೆಮಾರಿಯಾಗುತ್ತಾಳೆ. “ಒಳಗ ಬಾಯವ್ರಿಗೇ ಕೊಡ್ತೀನ್ರಿ” ಎಂದ.

“ನೀ ಎಲ್ಲ್ಯಾರ ಕೊಡು, ನನಗೇನು.”

ಐದು ದಿನಗಳ ಹಿಂದೆ, ಒಯ್ದ ಮಗಳನ್ನು ಕೇಳಿಕೊಂಡು ಹೋದಾಗ, ಠಾಣೆಯಲ್ಲಿ ಬರೆಯುತ್ತ ಕುಳಿತವನು ‘ಏನ ಮಾಡ್ತಿ?’ ಎಂದು ಏಕವಚನದಲ್ಲಿ ಕೇಳಿದ್ದ. ಆ ಏಕವಚನ ಲಕ್ಷ್ಮಣಪ್ಪನಿಗೆ ಒಂದು ಬಾಗಿಲಿನಂತೆ ಕಂಡಿತು. ಈತನಿಗೆ ನಾನು ಯಾರೆಂದು ತಿಳಿದಿಲ್ಲ, ತಿಳಿಯುವುದೂ ಬೇಡ. ಸರಕಾರದ ಸಂಬಳ ಉಣ್ಣುವ ಮಾಸ್ತರ ಮಗಳನ್ನು ಭಿಕ್ಷೆಗೆ ಬಿಟ್ಟನೆಂದು ಇಲಾಖೆಗೆ ಹೋಗುವ ಕಾಗದ ಇಲ್ಲಿಯೇ ನಿಂತುಹೋಗಲಿ, ಎಂದುಕೊಂಡು ‘ಕೂಲಿ’ ಎಂದುಬಿಟ್ಟ. ಬರೆಯುವವನು ಮುಂದೆ ಏನನ್ನೂ ಕೇಳದೆ ಶಾಯಿಯ ಡಬ್ಬಿಯನ್ನು ಅವನ ಕಡೆ ನೂಕಿದ. ಒಂದು ಕ್ಷಣ ಸಾಕಾಗಿತ್ತು, ಇಲ್ಲ, ಪೆನ್ನು ಕೊಡಿರಿ ಎನ್ನಲು. ಎಡಗೈಯ ಹೆಬ್ಬೆರಳನ್ನು ತಾನೇ ಮುಂದೆ ಚಾಚಿದ್ದ. ಬೆರಳನ್ನು ಹಿಡಿದು ಒತ್ತಿಸಿದ ಪೋಲೀಸನಿಗೆ, ಹೀಗಲ್ಲ ಹೀಗೆ ಎಂದು ಹೊರಳಿಸಲೂ ಬಿಟ್ಟಿದ್ದ. ಊರಿನ ಮೂವತ್ತು ಜನ ಹೆಂಗಸರಿಗೆ, ಹೆಬ್ಬೆಟ್ಟು ನಾಚಿಕೆಯ ಗುರುತೆಂದು ಬೈದು ಬೈದು ಹೆಸರು ಬರೆಯಲು ಕಲಿಸಿದವನು, ಒತ್ತಿದ ಕಾಗದದಲ್ಲಿ ಏನು ಬರೆದಿತ್ತೆಂದು ಓದಲೂ ಇಲ್ಲ. ಓದುವಂತೆ ಕಣ್ಣಾಡಿಸಿದರೆ ಓದು ಬರುತ್ತದೆಂದು ಗೊತ್ತಾಗುತ್ತಿತ್ತು.

ಎರಡನೆಯ ಸಲ ಬಂದಾಗ ಒಬ್ಬ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ್ದ. ಮಂಡಳಿ ಒಪ್ಪಿದ ಹೊರತು ಅದರ ಮುಂದೆ ವಕೀಲರು ನಿಲ್ಲುವಂತಿಲ್ಲ ಎಂದು ಅವರು ಹೇಳಿ, ಮಕ್ಕಳ ಕಾಯ್ದೆಯ ಸಣ್ಣ ಪುಸ್ತಕವನ್ನು ಅರ್ಧ ಗಂಟೆ ಓದಲು ಕೊಟ್ಟರು. ಲಕ್ಷ್ಮಣಪ್ಪ ಅದರಿಂದ ಮೂರು ಸಂಗತಿಗಳನ್ನು ನಕಲು ಮಾಡಿಕೊಂಡ. ಮಗುವನ್ನು ಒಯ್ದಾಗ ತಂದೆತಾಯಿಗೆ ತಿಳಿಸಬೇಕು. ವಿಚಾರಣೆಯಲ್ಲಿ ತಂದೆತಾಯಿ ಹಾಜರಿರಬಹುದು. ಅಧಿಕಾರಿಯ ವರದಿ ಗುಪ್ತ. ಆದರೆ ಮಂಡಳಿಗೆ ಸರಿ ಕಂಡರೆ ಅದರ ಸಾರಾಂಶವನ್ನು ತಂದೆತಾಯಿಗೆ ತಿಳಿಸಿ, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಕೊಡಲು ಅವಕಾಶ ಕೊಡಬಹುದು. ಬಸ್ಸಿನಲ್ಲಿ ಊರಿಗೆ ಮರಳುವಾಗ ಕಲಘಟಗಿಯವರೆಗೂ ಅವನ ಮನಸ್ಸು ‘ಸರಿ ಕಂಡರೆ’ ಎಂಬ ಎರಡು ಶಬ್ದಗಳಿಗೆ ಸಿಕ್ಕಿಕೊಂಡಿತ್ತು. ಅವನು ಕಲಿತ, ಕಲಿಸಿದ ಲೆಕ್ಕಗಳಲ್ಲಿ ಎರಡು ಸಂಖ್ಯೆ ತಿಳಿದರೆ ಮೂರನೆಯದು ಯಾರ ಅಪ್ಪಣೆಯೂ ಇಲ್ಲದೆ ಸಿಗುತ್ತಿತ್ತು. ಇಲ್ಲಿ ಕೊಟ್ಟದ್ದೆಲ್ಲ ಸರಿಯಿದ್ದೂ ಉತ್ತರ ಬೇರೊಬ್ಬರ ಮುಷ್ಟಿಯಲ್ಲಿತ್ತು. ಆದರೂ ಕೇಳುವುದು ತನ್ನ ಹಕ್ಕು. ಅವನು ಸಿರಾಜುದ್ದೀನನ ಹಿಂದೆಯೇ ಕಚೇರಿಯ ಹೊಸ್ತಿಲವರೆಗೆ ಹೋದ.

“ಸಾಹೇಬ್ರ, ವರದಿಯೊಳಗ ಏನು ಬರದಾರಂತ ಸಾರಾಂಶ ತಿಳಕೋಬಹುದೇನ್ರಿ?”

“ವರದಿ ಗುಪ್ತ ಇರ್ತದ.”

“ಇರ್ತೈತ್ರಿ. ಸಾರಾಂಶ ಕೇಳಬಹುದಂತ ಕಾಯ್ದೇದಾಗ ಐತಿ.”

ಸಿರಾಜುದ್ದೀನ ಆಗ ಮೊದಲ ಬಾರಿಗೆ ಅವನ ಮುಖವನ್ನು ಪೂರ್ತಿಯಾಗಿ ನೋಡಿದ. ಆಮೇಲೆ ಕಡತ ತೆರೆದು ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟ. “ಓದಾಕ ಬರ್ತೈತೇನು ನಿನಗ?”

“ಇಲ್ರಿ… ಒಬ್ಬರು ಹೇಳಿದ್ರು.”

“ಹೇಳಿದವರನ್ನ ಕರಕೊಂಡು ಬಾ. ಅವರಿಗೆ ಹೇಳ್ತೀನಿ.”

ಮರಳಿ ಬೆಂಚಿಗೆ ಬಂದು ಕೂಡುವಾಗ ಲಕ್ಷ್ಮಣಪ್ಪನ ಕಿವಿಗಳು ಬಿಸಿಯಾಗಿದ್ದವು. ಹಕ್ಕು ಇದ್ದದ್ದು ಓದಬಲ್ಲವನಿಗೆ. ತಾನು ಓದಲು ಬಾರದವನೆಂದು ತಾನೇ ಬರೆಸಿಕೊಟ್ಟಿದ್ದ. ಕಂಬದ ಬುಡದಲ್ಲಿ ಬಸವಣ್ಣೆವ್ವನ ಪಕ್ಕಕ್ಕೆ ಖಾದರಬಿ ಎಂಬಾಕೆ ಕುಳಿತಿದ್ದಳು. ಅವಳ ಮಗ ಮೂರು ಸಲ ಮುಂಬಯಿ ರೈಲು ಹತ್ತಿ ಓಡಿಹೋಗಿ ಸಿಕ್ಕಿಬಿದ್ದವನು. ತಾಯಿ ಇಲ್ಲಿಯ ಹಳೆಯ ಗಿರಾಕಿ.

“ಎಷ್ಟು ದಿನಾ ಆತು ಬೇ?”

“ಐದು.”

“ಐದರಾಗs ಹಿಂಗ ಮಾರಿ ಇಳಿಸೀದಿ? ನಂದು ಮೂರು ತಿಂಗಳಾತು ನೋಡು. ಒಂದು ಮಾತು ಕೇಳು, ಒಳಗ ಹೋದಕೂಡ್ಲೆ ಅಳಾಕ ಚಾಲೂ ಮಾಡು. ಗಂಡಸರು ಮಾತಾಡಿದ್ರ ತಾರೀಖು ಕೊಡ್ತಾರ.”

“ನನಗ ಅಳು ಬರವಲ್ದವ್ವಾ. ಸಿಟ್ಟು ಬರಾಕತ್ತೈತಿ.”

“ಯಾರ ಮ್ಯಾಲೆ?”

ಬಸವಣ್ಣೆವ್ವ ಗಂಡನ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲಿಯೇ ಅವಳ ಉತ್ತರವಿತ್ತು. ಹರಕೆ ಅವಳದು. ಹೋದ ವರ್ಷ ಕಸ್ತೂರಿ ಇಪ್ಪತ್ತೊಂದು ದಿನ ವಿಷಮಜ್ವರದಲ್ಲಿ ಬಿದ್ದಾಗ, ಬದುಕಿದರೆ ಮೊಹರಮ್ಮಿಗೆ ಹುಡುಗಿಯನ್ನು ಫಕೀರಳನ್ನಾಗಿ ಮಾಡುತ್ತೇನೆ ಎಂದು ಅಲಾಯಿ ದೇವರಿಗೆ ಹೇಳಿಕೊಂಡಿದ್ದಳು. ಊರಿನಲ್ಲಿ ವರ್ಷಕ್ಕೆ ಹತ್ತು ಮಕ್ಕಳು ಹಾಗೆ ಫಕೀರರಾಗುತ್ತಿದ್ದರು. ದೇವರ ಪಂಜೆ ಹಿಡಿಯುವ ನಿಜಾಮಸಾಬ ಕೆಂಪು ಹಸಿರು ದಾರದ ಲಾಡಿಯನ್ನು ಕೊರಳಿಗೆ ಹಾಕುತ್ತಾನೆ; ಮಗು ಐದು ಮನೆ ಬೇಡಿ ತಂದ ಹಿಟ್ಟು ಬೆಲ್ಲದಿಂದ ಚೋಂಗೆಯೆಂಬ ಸಿಹಿರೊಟ್ಟಿ ಸುಟ್ಟು, ಹಬ್ಬದ ಒಂಬತ್ತನೆಯ ದಿನದ ಕತ್ತಲ ರಾತ್ರಿಯೊಳಗೆ ದೇವರ ಮುಂದೆ ಎಡೆಯಿಟ್ಟು ಓದಿಸುತ್ತಾರೆ; ಅಲ್ಲಿಗೆ ಮುಗಿಯಿತು. ‘ಫಕೀರವ್ವ ಬಂದಾಳ’ ಎಂದು ನಗುತ್ತ ಮೊರದಲ್ಲಿ ಹಿಟ್ಟು ತರುತ್ತಿದ್ದರು. ಆದರೆ ಅವರೆಲ್ಲರ ಮಕ್ಕಳಿಗೆ ಲಕ್ಷ್ಮಣಪ್ಪ ಮಾಸ್ತರನಾಗಿದ್ದ. ಬೇಡುವುದು ಹೀನ ಎಂದು ಹಲಗೆಯ ಮೇಲೆ ಬರೆಸಿದವನು. ತನ್ನ ಮಗಳು ಶಿಷ್ಯರ ಮನೆಗಳ ಮುಂದೆ ಕೈಯೊಡ್ಡಿ ನಿಲ್ಲುವುದನ್ನು ನೆನೆದರೇ ಅವನಿಗೆ ಮೈ ಮುಳ್ಳಾಗುತ್ತಿತ್ತು. ಬೇಡಲೇಬೇಕಾದರೆ ಗುರುತಿಲ್ಲದ ಊರಿನಲ್ಲಿ ಬೇಡಲಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ‘ಗುರುತಿಲ್ಲದಲ್ಲಿ ಬೇಡಿದ್ರ ಅದು ಖರೇ ಭಿಕ್ಷಾ ಆಗ್ತೈತ್ರಿ’ ಎಂದು ಬಸವಣ್ಣೆವ್ವ ಅಂದೇ ಹೇಳಿದ್ದಳು. ಹೇಳಿದ್ದನ್ನು ಅವನು ಹೆಂಗಸಿನ ಮಾತೆಂದು ಬಿಟ್ಟಿದ್ದ.

ಅಣ್ಣಿಗೇರಿಯಲ್ಲಿ ರೈಲು ಇಳಿದು, ನಿಲ್ದಾಣದ ಹೊರಗಿನ ಓಣಿಯ ತುದಿಯಲ್ಲಿದ್ದ ಬೇವಿನ ಗಿಡದ ಕೆಳಗೆ ಅವನು ನಿಂತುಕೊಂಡ. ಗಿಡದಿಂದ ಮೊದಲನೆಯ ಮನೆಗೆ ನಲವತ್ತು ಹೆಜ್ಜೆ. ಕೈಯಲ್ಲಿ ಹಳೆಯ ವರ್ತಮಾನಪತ್ರಿಕೆ ಇತ್ತು. ಹುಡುಗಿ ಒಂದು ಮನೆ ಮುಗಿಸಿದಳು, ಎರಡು, ಮೂರು. ಪ್ರತಿಯೊಂದು ಬಾಗಿಲಲ್ಲಿ ಅವಳು ನಿಂತಷ್ಟು ಹೊತ್ತು ಅವನು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ. ನಾಲ್ಕನೆಯ ಬಾಗಿಲಿಗೆ ಹೋಗುವ ಮೊದಲು ಒಂದು ಜೀಪು ಬಂದು ನಿಂತಿತು. ಕನ್ನಡಕದ ಹೆಣ್ಣುಮಗಳೊಬ್ಬಳು ಇಳಿದು ಕಸ್ತೂರಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಏನೇನೋ ಕೇಳಿದಳು. ಹುಡುಗಿ ಒಮ್ಮೆ, ಒಮ್ಮೆ ಮಾತ್ರ, ಗಿಡದ ಕಡೆ ನೋಡಿ ಮುಖ ತಿರುವಿದಳು. ಹೋಗಿ ‘ಇವಳು ನನ್ನ ಮಗಳು’ ಎನ್ನಲು ನಲವತ್ತು ಹೆಜ್ಜೆ, ಅಂದರೆ ಅರ್ಧ ನಿಮಿಷ. ಜೀಪು ನಾಲ್ಕು ನಿಮಿಷ ನಿಂತಿತ್ತು. ನಿಲ್ದಾಣದ ಗಡಿಯಾರ ಎದುರಿಗೇ ಇದ್ದುದರಿಂದ ಈ ಲೆಕ್ಕದಲ್ಲಿ ತಪ್ಪಿಲ್ಲ. ಆ ನಾಲ್ಕು ನಿಮಿಷಗಳಲ್ಲಿ ಅರ್ಧ ನಿಮಿಷ ಎಂಟು ಸಲ ಕೂಡುತ್ತದೆ.

ಹನ್ನೆರಡೂವರೆಗೆ ಅಧ್ಯಕ್ಷೆಯ ಕಾರು ಬಂದಿತು. ಒಂದೂ ಹತ್ತಕ್ಕೆ ಸಿರಾಜುದ್ದೀನ “ಮೊದಲ ತಂದಿ ಒಬ್ಬನs” ಎಂದ.

ಕೋಣೆಯಲ್ಲಿ ಮೇಜಿನ ಹಿಂದೆ ಮೂವರಿದ್ದರು. ನಡುವೆ ಅಧ್ಯಕ್ಷೆ, ಎಡಕ್ಕೆ ಕೋಟು ತೊಟ್ಟ ಒಬ್ಬ ಮುದುಕರು, ಬಲಕ್ಕೆ ಆ ಜೀಪಿನ ಕನ್ನಡಕದ ಅಧಿಕಾರಿಣಿ. ಲಕ್ಷ್ಮಣಪ್ಪನಿಗೆ ಕೂಡೆಂದು ಯಾರೂ ಹೇಳಲಿಲ್ಲ. ಒಳಬಾಗಿಲಿನಿಂದ ಕಸ್ತೂರಿಯನ್ನು ಕರೆತಂದರು. ಅವಳಿಗೆ ಮೊಳಕಾಲು ದಾಟುವ ನೀಲಿ ಫ್ರಾಕು ತೊಡಿಸಿದ್ದರು. ಕೊರಳಲ್ಲಿ ಲಾಡಿ ಇರಲಿಲ್ಲ. ಅವಳು ಅವನನ್ನು ನೋಡಿದಳು. ಓಡಿ ಬರಲಿಲ್ಲ.

“ಕಸ್ತೂರಿ, ಇವರು ಯಾರವಾ?” ಎಂದರು ಅಧ್ಯಕ್ಷೆ.

ಹುಡುಗಿ ಸುಮ್ಮನಿದ್ದಳು.

“ಅಂಜಬ್ಯಾಡ. ಇವರು ನಿಮ್ಮಪ್ಪ ಹೌದೋ ಅಲ್ಲೋ?”

ಹುಡುಗಿಯ ಕಣ್ಣು ಅವನ ಮುಖದ ಮೇಲೆಯೇ ಇತ್ತು. ತುಟಿ ಮಾತ್ರ ಒಳಕ್ಕೆ ಮಡಚಿಕೊಂಡಿತ್ತು. ಆ ತುಟಿಯನ್ನು ಕಂಡಾಗ ಲಕ್ಷ್ಮಣಪ್ಪನಿಗೆ ರೈಲಿನ ಕಿಟಕಿ, ಹೊರಗಿನ ಕರಿಮಣ್ಣಿನ ಹೊಲ, ತನ್ನದೇ ಧ್ವನಿ, ಎಲ್ಲವೂ ಒಟ್ಟಿಗೆ ಬಂದವು. ‘ಯಾರರ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ. ಊರ ಹೆಸರೂ ಬ್ಯಾಡ. ನಾನು ಯಾರಂತನೂ ಹೇಳಬ್ಯಾಡ. ಹೇಳು ಅಂತ ನಾ ಅಂದಮ್ಯಾಲೆ ಹೇಳು.’ ಹುಡುಗಿ ತಲೆಯಾಡಿಸಿದ್ದಳು. ಕೇಳುವ ಮೊದಲೇ ಉತ್ತರ ಹೇಳಿದವರ ಬೆರಳಿನ ಮೇಲೆ ಅಳತೆಪಟ್ಟಿಯಿಂದ ಹೊಡೆಯುವ ಮಾಸ್ತರನ ಮಗಳು ಅವಳು. ಐದು ದಿನ, ಗೊತ್ತಿಲ್ಲದ ಜನ, ಗೊತ್ತಿಲ್ಲದ ಹಾಸಿಗೆ; ಯಾರೆಷ್ಟು ಮುದ್ದು ಮಾಡಿ ಕೇಳಿದರೂ, ಗದರಿ ಕೇಳಿದರೂ, ಅವನು ‘ಹೇಳು’ ಎನ್ನುವವರೆಗೆ ಕಾದಿದ್ದಳು. ಈಗಲೂ ಕಾಯುತ್ತಿದ್ದಳು.

“ನೋಡ್ರಿ” ಎಂದಳು ಅಧಿಕಾರಿಣಿ, ಮೆಲ್ಲಗೆ. “ಮೊದಲ ದಿನದಿಂದ ಹಿಂಗs. ತಂದಿ ಅಂದ್ರ ಬಾಯಿ ಮುಚ್ಚತಾಳ.”

“ಅಂಜ್ಯಾಳ. ಬರಕೋರಿ” ಎಂದರು ಅಧ್ಯಕ್ಷೆ. “ಇಷ್ಟು ಅಂಜೋ ಮನಿಗೆ ಕೂಸನ್ನ ಕಳಸಲಿಕ್ಕೆ ಬರೂದಿಲ್ಲ. ಮೂರು ತಿಂಗಳು ಇಲ್ಲೇ ಇರ್ಲಿ, ಆಮ್ಯಾಲೆ ನೋಡೂಣು.”

“ಆಕಿ ಅಂಜಿಲ್ರಿ” ಎಂದ ಲಕ್ಷ್ಮಣಪ್ಪ. ಧ್ವನಿ ಶಾಲೆಯ ಕೋಣೆಯಲ್ಲಿ ಹೊರಡುವಷ್ಟು ದೊಡ್ಡದಾಗಿ ಹೊರಟಿತು. “ನಾ ಹೇಳಿದ್ದನ್ನ ಪಾಲಿಸಾಕತ್ತಾಳ. ನನ್ನ ಹೆಸರು ಯಾರಿಗೂ ಹೇಳಬ್ಯಾಡ ಅಂತ ನಾನs ಹೇಳಿದ್ದೆ.” ಜೇಬಿನ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ. ಇಟ್ಟಮೇಲೆ, ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಿ ಬೆರಳುಗಳು ಅದರ ಅಂಚಿನ ಮೇಲೆಯೇ ಉಳಿದವು. ಅಧ್ಯಕ್ಷೆ ಹಾಳೆಯನ್ನು ಎಳೆದುಕೊಂಡು ಓದಿದರು.

“ಮುಖ್ಯಾಧ್ಯಾಪಕ ಲಕ್ಷ್ಮಣಪ್ಪ. ಇವರು ಯಾರು?”

“ನಾನs ರೀ.”

“ಮತ್ತ ಈ ಕಡತದಾಗಿನ ಕೂಲಿ ಲಕ್ಷ್ಮಣಪ್ಪ?”

“ಅವನೂ ನಾನs.”

ಕೋಟಿನ ಮುದುಕರು ನಕ್ಕುಬಿಟ್ಟರು. “ಒಟ್ಟು ಎಷ್ಟು ಮಂದಿ ಅದೀರಿಪಾ ನೀವು?”

ಅವನು ಹೇಳಿದ. ಹರಕೆ, ಅಣ್ಣಿಗೇರಿ, ಬೇವಿನ ಗಿಡ, ನಾಲ್ಕು ನಿಮಿಷ, ಶಾಯಿಯ ಡಬ್ಬಿ. ಸಂಗತಿಗಳನ್ನು ಕ್ರಮವಾಗಿ ಹೇಳಿದ. ಕ್ರಮ ಬಿಟ್ಟು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅಧಿಕಾರಿಣಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವನನ್ನು ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವನಿಗೆ ತಾನು ನಕಲು ಮಾಡಿಕೊಂಡ ಮೂರನೆಯ ಸಂಗತಿ ನೆನಪಾಯಿತು. ಈಗ ಅವನು ಓದಬಲ್ಲವನಾಗಿದ್ದ. “ಬಾಯವ್ರ, ನನ್ನ ವಿರುದ್ಧ ವರದಿಯೊಳಗ ಏನೈತಂತ ಸಾರಾಂಶ ಕೇಳಿ ಉತ್ತರಾ ಕೊಡಾಕ ಕಾಯ್ದೇದಾಗ ಅವಕಾಶ ಐತ್ರಿ.”

“ಐತಿ. ಈಗ ಕೇಳಿ ಏನು ಮಾಡ್ತೀರಿ?” ಅಧ್ಯಕ್ಷೆ ಕಡತವನ್ನು ಮುಚ್ಚಿದರು. “ಇದರಾಗ ಬರದದ್ದಕ್ಕಿಂತಾ ಕೆಟ್ಟದ್ದನ್ನ ನೀವs ಹೇಳಿದ್ರಿ. ಕೂಲಿ ಮಾಡೋ ಮನುಷ್ಯಾ ಇದ್ದಿದ್ರ, ತಿಳಿಯದ ಮಾಡ್ಯಾನಂತ ಬಿಡ್ತಿದ್ದೆ.”

ಅವನು ಹುಡುಗಿಯ ಕಡೆ ತಿರುಗಿ “ಕಸ್ತೂರಿ, ಹೇಳು” ಎಂದ.

“ಮಾಸ್ತರ, ಕೂಸಿಗೆ ಕಲಿಸಿಕೊಡಬ್ಯಾಡ್ರಿ! ನೀವು ಬಾಯಿ ಮುಚ್ಚಿಕೊಂಡು…” ಎಂದು ಅಧ್ಯಕ್ಷೆ ಗದರಿದರು.

“ನಮ್ಮಪ್ಪ” ಎಂದಳು ಹುಡುಗಿ. ಆಮೇಲೆ ಒಂದೇ ಉಸಿರಿನಲ್ಲಿ ಅಪ್ಪನ ಹೆಸರು, ಅವ್ವನ ಹೆಸರು, ಊರು, ತಾಲೂಕು, ಶಾಲೆ, ತನ್ನ ಇಯತ್ತೆ, ಕೊನೆಗೆ ಯಾರೂ ಕೇಳದ ತನ್ನ ಹಾಜರಿ ಸಂಖ್ಯೆಯನ್ನೂ ಹೇಳಿ, “ಅಷ್ಟs ರೀ” ಎಂದು ಕೈ ಕಟ್ಟಿಕೊಂಡು ನಿಂತಳು.

ಬಸವಣ್ಣೆವ್ವನನ್ನು ಕರೆಸಿದರು. ಮಗಳು ಅವಳ ಸೊಂಟಕ್ಕೆ ಮುಖ ಒತ್ತಿ ನಿಂತಾಗಲೂ ಅವಳು ಅಳಲಿಲ್ಲ. ಕೊರಳನ್ನು ಮುಟ್ಟಿ ನೋಡಿ “ಲಾಡಿ ಎಲ್ಲೈತಿ?” ಎಂದಳು. ಜಳಕ ಮಾಡಿಸುವಾಗ ತೆಗೆದಿದ್ದರು. ಮಂಡಳಿಯ ನಿರ್ಣಯವನ್ನು ಅಧ್ಯಕ್ಷೆ ಹೇಳಿದರು: ಮಗು ತಾಯಿಯ ಸ್ವಾಧೀನಕ್ಕೆ, ಮುಚ್ಚಳಿಕೆ ಬರೆದುಕೊಡಬೇಕಾದವಳೂ ತಾಯಿಯೇ, ತಂದೆಯ ಮೇಲೆ ಒಂದು ವರ್ಷ ನಿಗಾ, ಅಧಿಕಾರಿಣಿ ತಿಂಗಳಿಗೊಮ್ಮೆ ಶಾಲೆಗೇ ಬಂದು ನೋಡುತ್ತಾರೆ, ಸುಳ್ಳು ಹೇಳಿಕೆಯ ಸಂಗತಿ ಇಲಾಖೆಗೆ ಹೋಗುತ್ತದೆ. ಲಕ್ಷ್ಮಣಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿದ. ಮುಚ್ಚಳಿಕೆಯನ್ನು ಓದಿ ಹೇಳಬೇಕೆಂದು ಬಸವಣ್ಣೆವ್ವ ಹಟ ಹಿಡಿದಳು. ಸಿರಾಜುದ್ದೀನ ಓದಿದ. ‘ಇನ್ನು ಮುಂದೆ ಯಾವ ಕಾರಣಕ್ಕೂ ಮಗುವನ್ನು ಭಿಕ್ಷೆಗೆ ಕಳಿಸತಕ್ಕದ್ದಲ್ಲ’ ಎಂಬಲ್ಲಿಗೆ ಬಂದಾಗ ಅವಳು ಲೇಖನಿಯನ್ನು ಕೆಳಗಿಟ್ಟಳು.

“ಎರಡು ಮನಿ ಉಳದಾವ್ರಿ ಬಾಯವ್ರ. ನಾಳೆ ಬಿಟ್ಟು ನಾಡದ ಕತ್ತಲ ರಾತ್ರಿ.”

“ಕೂಸು ಬೇಕೋ ಹರಕಿ ಬೇಕೋ?”

“ಹರಕಿಯಿಂದs ಕೂಸು ಐತ್ರಿ.” ಬಸವಣ್ಣೆವ್ವ ಆಗ ಗಂಡನ ಕಡೆ ನೋಡಿದಳು. “ಹುಡುಗಿ ಬೇಡೂದಿಲ್ಲ, ಆತು. ದೊಡ್ಡವರು ಬೇಡಿದ್ರ?”

ಕೋಟಿನ ಮುದುಕರು ಮೀಸೆಯ ಮೇಲೆ ಕೈಯಿಟ್ಟುಕೊಂಡು “ದೊಡ್ಡವರದು ನಮ್ಮ ಮಂಡಳಿಗೆ ಬರೂದಿಲ್ಲವಾ” ಎಂದರು.

ಅವಳು ಕುಳಿತು, ಮದುವೆಯಾದ ಮೊದಲ ವರ್ಷ ಗಂಡ ಕಲಿಸಿದಂತೆ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದಳು. ಶಾಯಿಯ ಡಬ್ಬಿಯನ್ನು ಅವಳ ಕಡೆಗೆ ನೂಕಲು ಎತ್ತಿಕೊಂಡಿದ್ದ ಸಿರಾಜುದ್ದೀನ ಅದನ್ನು ಮುಚ್ಚಿ ಬದಿಗಿಟ್ಟ.

ಸಂಜೆ ಐದೂ ನಲವತ್ತಕ್ಕೆ ದುಮ್ಮವಾಡದಲ್ಲಿ ಬಸ್ಸಿಳಿದು ಮೂವರೂ ಊರ ಕಡೆಗೆ ನಡೆದರು. ನಡುದಾರಿಯಲ್ಲಿ ಲಕ್ಷ್ಮಣಪ್ಪ, ಉಳಿದ ಎರಡು ಮನೆಯನ್ನು ತಾನು ದುಮ್ಮವಾಡದಲ್ಲಿಯೇ ಬೇಡಬಹುದಿತ್ತಲ್ಲ, ಅಲ್ಲಿ ಯಾರೂ ಅಷ್ಟು ಪರಿಚಯದವರಿಲ್ಲ ಎಂದ. “ಮತ್ತ ಗುರುತಿಲ್ಲದಲ್ಲಿ?” ಎಂದಳು ಬಸವಣ್ಣೆವ್ವ. ಅಷ್ಟೇ ಅಂದಳು. ಅವನಿಗೆ ಕಡುಕೋಪ ಬಂದಿತು; ಅವಳ ಮೇಲೆ, ಕೋಟಿನ ಮುದುಕರ ಮೇಲೆ, ಬಾಯಿ ಮುಚ್ಚಿಕೊಂಡು ಐದು ದಿನ ಕಾದ ಹುಡುಗಿಯ ಮೇಲೆಯೂ. ತನಗೆ ನಂಬಿಕೆಯಿಲ್ಲದ ಹರಕೆಗಾಗಿ, ತನ್ನ ಮಾತನ್ನು ಯಾರೂ ಕೇಳದೆ ಬರೆದ ಕರಾರಿಗಾಗಿ. ಆದರೆ ಹುಡುಗಿ ಮನೆಗೆ ಬರುತ್ತಿದ್ದಳು. ಅವಳು ಬಂದದ್ದು ಈ ಬೆಲೆಗೆ ಎಂಬುದನ್ನು ಎಷ್ಟು ಸಲ ಕೂಡಿ ಕಳೆದರೂ ಉತ್ತರ ಬದಲಾಗಲಿಲ್ಲ.

ಊರ ಮೊದಲ ಓಣಿಯಲ್ಲಿ, ನಾಲ್ಕನೆಯ ಇಯತ್ತೆಯ ಸಣ್ಣಪ್ಪನ ಮನೆಯ ಮುಂದೆ ಬಸವಣ್ಣೆವ್ವ ನಿಂತು ತನ್ನ ಕೈಚೀಲವನ್ನು ಗಂಡನ ಕೈಗೆ ಕೊಟ್ಟು ಮನೆಯ ಕಡೆಗೆ ಹೊರಟುಹೋದಳು. ಕಸ್ತೂರಿ ಹೋಗಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಒಲೆಯ ಹೊಗೆ, ರೊಟ್ಟಿ ಬಡಿಯುವ ಸಪ್ಪಳ. ಲಕ್ಷ್ಮಣಪ್ಪ ಗಂಟಲು ಸರಿಮಾಡಿಕೊಂಡ. ಏನೆನ್ನಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹುಡುಗಿ ಕೆಳಗಿನಿಂದ ಮೆಲ್ಲಗೆ ಹೇಳಿಕೊಟ್ಟಳು, ಅವನು ಹೇಳಿದ, “ಅಲಾಯಿ ದೇವರ ಹೆಸರಿಲೆ ನೀಡ್ರೆವ್ವಾ.” ಧ್ವನಿ ಒಡೆದು ತನ್ನದಲ್ಲದಂತಾಗಿತ್ತು. ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಒಳಗಿನಿಂದ ಸಣ್ಣಪ್ಪನ ಅಜ್ಜಿ ಮರೆವ್ವ ಕೂಗಿದಳು, “ಕೈ ಹಸನಿಲ್ಲ, ಮುಂದಕ್ಕ ಹೋಗಪಾ.”

ಅವನು ಹಿಂದಕ್ಕೆ ತಿರುಗಿದ. ಎದುರುಮನೆಯ ಕಟ್ಟೆಯ ಮೇಲಿದ್ದ ಇಬ್ಬರು ಎದ್ದು ನಿಂತಿದ್ದರು; ಒಬ್ಬನ ಕೈ ನಮಸ್ಕಾರಕ್ಕೆಂದು ಅರ್ಧಕ್ಕೆ ಎದ್ದು, ಏನು ಮಾಡಬೇಕೆಂದು ತಿಳಿಯದೆ ಅಲ್ಲಿಯೇ ಉಳಿದಿತ್ತು. ಲಕ್ಷ್ಮಣಪ್ಪ ಮೆಟ್ಟಿಲಿನಿಂದ ಒಂದು ಕಾಲು ಕೆಳಗಿಟ್ಟ. ಹುಡುಗಿ ಅವನ ಧೋತರದ ಚುಂಗನ್ನು ಹಿಡಿದೆಳೆದಳು.

“ಹಂಗ ಹೋಗಬಾರದಪ್ಪಾ. ನಿಂದ್ರಬೇಕು. ಮೊದಲ ಎಲ್ಲಾರೂ ಹೋಗು ಅಂತಾರ.”

ಲಕ್ಷ್ಮಣಪ್ಪ ನಿಂತ.